ಎತ್ತಿ ಹಿಡಿದ ಬಾವುಟ

ಬಿದಿರುಕಡ್ಡಿಗೆ ಕೆಂಪು ಬಟ್ಟೆ ಕಟ್ಟಿದ ಬಾವುಟವನ್ನು ರೆಫರಿ ಮೂಡಲಗಿರಿಯಪ್ಪ ಮೇಷ್ಟ್ರು ಮುಂದೆ ಚಾಚಿದಾಗ ನಯಾಜ್ ಅಹಮದ್ ಕೈ ಹಿಂದಕ್ಕೆ ಎಳೆದುಕೊಂಡ. ಗುಬ್ಬಿ ಫುಟ್‌ಬಾಲ್ ಟೂರ್ನಮೆಂಟಿನ ಪದ್ಧತಿಯೇ ಹಾಗೆ. ಮೈದಾನದ ಗೆರೆಗುಂಟ ಬಾವುಟ ಹಿಡಿದು ಓಡಾಡುವ ಲೈನ್‌ಮನ್‌ಗಳನ್ನು ಬೆಂಗಳೂರಿನಿಂದ ಕರೆಸುವವರು ಯಾರು? ಆಡುವ ಎರಡು ತಂಡಗಳೇ ಒಬ್ಬೊಬ್ಬರನ್ನು ಕೊಡಬೇಕು. ಸೆಮಿಫೈನಲ್‌ವರೆಗೆ ಆ ಕೆಲಸ ಮಾಡಿದ್ದ ನಯಾಜನ ಕಾಲೇಜಿನ ಅಟೆಂಡರ್ ತಿಪ್ಪಯ್ಯ, ಫೈನಲ್ ದಿನವೇ ನೋಡಿಕೊಂಡು ಜ್ವರ ಬಂದು ತುಮಕೂರಿನಲ್ಲಿ ಮಲಗಿಬಿಟ್ಟಿದ್ದ.

"ಕೋಚ್ ಆದೋನು ಬಾವುಟ ಹಿಡಿಯೋದು ಚೆನ್ನಾಗಿರಲ್ಲ ಮೇಷ್ಟ್ರೆ."

"ನಿಮ್ ಕಡೆಯೋರು ಇನ್ಯಾರವ್ರೆ ಹೇಳಿ? ಹಿಡೀರಿ ಸಾಹೇಬ್ರೆ, ಟೈಮಾಯ್ತು."

ಹಿಡಿದ. ಬೆಂಗಳೂರಿನ ಕಾರ್ಖಾನೆಯೊಂದರ ತಂಡದಲ್ಲಿ ತೊಂಬತ್ತೊಂದರಿಂದ ಎಂಟು ವರ್ಷ ಡಿಫೆಂಡರ್ ಆಗಿ ಆಡಿದ್ದವನು ಅವನು. ಗೋಲು ಹೊಡೆದವರ ಫೋಟೋ ಪೇಪರಿನಲ್ಲಿ ಬರುತ್ತಿತ್ತು. ಗೋಲು ತಡೆದವನ ಮುಖವನ್ನು ಅವನ ಹೆಂಡತಿ ಬಾನು ಕೂಡ ಹುಡುಕಿ ಹುಡುಕಿ ಸುಸ್ತಾಗಿದ್ದಳು. ಕಾರ್ಖಾನೆಯವರು ತಂಡವನ್ನೇ ಮುಚ್ಚಿದ ಮೇಲೆ ಊರಿಗೆ ಬಂದು, ಶಿರಾ ಗೇಟ್ ಹತ್ತಿರ ಅಣ್ಣನ ಹಾಸಿಗೆ ಅಂಗಡಿಯಲ್ಲಿ ಹತ್ತಿ ತುಂಬುತ್ತಾ ಕೂತ. ಆಮೇಲೆ ಒಂದು ಖಾಸಗಿ ಕಾಲೇಜು ಕೋಚ್ ಎಂದು ಕರೆಯಿತು. ಸಂಜೆ ಹೊತ್ತು ಹುಡುಗರು "ಸಾರ್" ಎಂದು ಸುತ್ತ ಬಂದು ನಿಂತರೆ ಸಾಕು, ಅವನಿಗೆ ಹೋದ ಜೀವ ಬಂದಂತಾಗುತ್ತಿತ್ತು. ಆದರೆ ಈ ವರ್ಷ, ಎರಡು ಸಾವಿರದ ಮೂರರಲ್ಲಿ, ಕಾಲೇಜಿನ ಕಾರ್ಯದರ್ಶಿಗಳು ನಗುನಗುತ್ತಲೇ ಹೇಳಿದ್ದರು: ಗುಬ್ಬಿಯ ಕಪ್ ಗೆದ್ದು ತಂದರೆ ಫುಟ್‌ಬಾಲ್ ತಂಡ ಉಳಿಯುತ್ತದೆ, ಇಲ್ಲದಿದ್ದರೆ ಮೈದಾನವೆಲ್ಲ ಕ್ರಿಕೆಟ್ಟಿಗೆ. ಗದರಿಸುವವರಿಗೆ ಏನಾದರೂ ಹೇಳಬಹುದು, ನಗುವವರಿಗೆ ಹೇಳುವುದೇನು?

ಹುಡುಗರಿಗೆ ಅವನು ತನ್ನ ಕಾಲದ ವಿದ್ಯೆಯನ್ನೆಲ್ಲ ಧಾರೆ ಎರೆದಿದ್ದ. ಎದುರಾಳಿ ಉದ್ದಕ್ಕೆ ಚೆಂಡು ಒದೆಯುವ ಮೊದಲೇ ಹಿಂದಿನ ನಾಲ್ವರೂ ಒಟ್ಟಿಗೆ ಮುಂದಕ್ಕೆ ನುಗ್ಗಬೇಕು; ಆಗ ಅವರ ಬೆನ್ನ ಹಿಂದೆ, ಗೋಲಿನ ಕಡೆ ಉಳಿದ ಎದುರಾಳಿ ಆಫ್‌ಸೈಡ್ ಆಗುತ್ತಾನೆ, ಅವನು ಹೊಡೆದ ಗೋಲು ಲೆಕ್ಕಕ್ಕಿಲ್ಲ. ಕೈ ಎತ್ತಿ, ಲೈನ್‌ಮನ್ ಕಡೆ ನೋಡಿ, ಬಾವುಟ ಎದ್ದರೆ ನಿಂತುಬಿಡಿ, ದಮ್ಮು ಉಳಿಸಿಕೊಳ್ಳಿ ಎಂದು ಕಲಿಸಿದ್ದ. ಬೆಂಗಳೂರಿನಲ್ಲಿ ಬಾವುಟದ ಹಿಂದೆಯೇ ರೆಫರಿಯ ಸೀಟಿ ಬರುತ್ತಿತ್ತು. ಬಾರದ ದಿನವನ್ನು ಅವನು ಕಂಡಿರಲಿಲ್ಲ.

ಮೊದಲರ್ಧದಲ್ಲಿ ಅವನು ಓಡಾಡುತ್ತಿದ್ದ ಕಡೆ ಎದುರಾಳಿ ಕುಣಿಗಲ್ ತಂಡದ ಗೋಲು ಇತ್ತು. ಒಮ್ಮೆ ಚೆಂಡು ಅವನ ಹುಡುಗ ಚೈತನ್ಯನಿಗೆ ಸಿಕ್ಕಿತು, ಎದುರಿಗೆ ಗೋಲು ಕಾಯುವ ಗೋಲಿ ಒಬ್ಬನೇ. ಆದರೆ ಚೈತನ್ಯ ಆಫ್‌ಸೈಡ್ ಇದ್ದ. ನಯಾಜನ ಕೈ ಅವನನ್ನು ಕೇಳಲೇ ಇಲ್ಲ, ತಾನಾಗಿ ಮೇಲೆ ಹೋಯಿತು. ಮೂಡಲಗಿರಿಯಪ್ಪ ತಕ್ಷಣ ಸೀಟಿ ಊದಿದರು. ಕುಣಿಗಲ್‌ನಿಂದ ಲಾರಿಯಲ್ಲಿ ಬಂದಿದ್ದ ಜನ ಚಪ್ಪಾಳೆ ತಟ್ಟಿದರು. ಗೋಲು ತಪ್ಪಿದ್ದಕ್ಕೆ ಸಂಕಟವಾಯಿತು, ನಿಜ. ಸ್ವಲ್ಪ ಹೆಮ್ಮೆಯೂ ಆಯಿತು.

ದ್ವಿತೀಯಾರ್ಧದಲ್ಲಿ ತಂಡಗಳು ಬದಿ ಬದಲಿಸಿದವು. ಈಗ ಅವನ ಮುಂದೆ ಇದ್ದದ್ದು ಅವನದೇ ಡಿಫೆನ್ಸ್, ನಡುವೆ ಸಿ.ಎಸ್. ಪುರದ ಕಾಂತೇಶ್, ಕ್ಯಾಪ್ಟನ್. ಆಟ ಮುಗಿಯುತ್ತಾ ಬಂದರೂ ಯಾರೂ ಗೋಲು ಹೊಡೆದಿರಲಿಲ್ಲ. ಆಗ ಕುಣಿಗಲ್‌ನವನೊಬ್ಬ ಚೆಂಡನ್ನು ಉದ್ದಕ್ಕೆ ಒದೆಯಲು ಕಾಲೆತ್ತಿದ. ಕಾಂತೇಶ್ ಕೂಗಿದ, ನಾಲ್ವರೂ ಒಂದೇ ಗೆರೆಯಲ್ಲಿ ಮುಂದಕ್ಕೆ ನುಗ್ಗಿದರು. ಎಷ್ಟು ಚೆಂದ ನುಗ್ಗಿದರು! ಕುಣಿಗಲ್‌ನ ಫಾರ್ವರ್ಡ್ ಅವರ ಬೆನ್ನ ಹಿಂದೆ ಒಂದು ಮಾರು ಆಚೆ ಒಂಟಿಯಾಗಿ ಉಳಿದ. ನಯಾಜ್ ಬಾವುಟ ಎತ್ತಿದ.

ನಾಲ್ಕು ಕೈಗಳು ಮೇಲೆದ್ದವು. ನಾಲ್ವರೂ ಅವನ ಕಡೆ ತಿರುಗಿ, ಬಾವುಟ ಕಂಡು, ನಗುತ್ತಾ ನಿಂತರು. ಗೋಲಿಯೂ ನಿಂತ. ಸೀಟಿ ಬರಲಿಲ್ಲ. ಕುಣಿಗಲ್‌ನ ಫಾರ್ವರ್ಡ್ ಒಂದು ಗಳಿಗೆ ರೆಫರಿಯ ಮುಖ ನೋಡಿದ, ಆಮೇಲೆ ಚೆಂಡಿನ ಹಿಂದೆ ಓಡಿದ. ಓಡ್ರೋ ಎಂದು ಕೂಗಬೇಕೆನ್ನಿಸಿತು ನಯಾಜನಿಗೆ. ಬಾವುಟ ಎತ್ತಿದವನು ಓಡಿ ಎಂದು ಕೂಗುವುದು ಹೇಗೆ? ಅವನು ನೋಡುತ್ತಲೇ ಇದ್ದ, ಚೆಂಡು ಬಲೆಗೆ ಹೋಯಿತು.

ಮೂಡಲಗಿರಿಯಪ್ಪ ಓಡುತ್ತಾ ಹತ್ತಿರ ಬಂದು ಬಾವುಟ ಇಳಿಸಿ ಎಂದು ಮೆಲ್ಲಗೆ ಹೇಳಿದರು.

"ನಮ್ ಹುಡುಗನ್ ಮೇಲೆ ಎತ್ತಿದಾಗ ಊದಿದ್ರಲ್ಲ ಮೇಷ್ಟ್ರೆ."

"ಅದು ನಿಮ್ಮೋರ ಮೇಲೆ, ಯಾರ್ ಬೇಕಾದ್ರೂ ನಂಬ್ತಾರೆ. ಇದು ನಿಮ್ಮೋರ ಪರ. ಕೋಚ್ ಎತ್ತಿದ್ ಬಾವುಟ ನೋಡಿ ಊದಿದ್ರೆ ಕುಣಿಗಲ್‌ನೋರು ನನ್ನ ಸುಮ್ನೆ ಬುಡ್ತಾರಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ತಪ್ಪು ತಿಳ್ಕೋಬೇಡಿ ಸಾಹೇಬ್ರೆ."

ತಿಳಿದುಕೊಳ್ಳಲು ತಪ್ಪೇನಿತ್ತು? ಅವರ ಜಾಗದಲ್ಲಿದ್ದರೆ ತಾನೂ ಊದುತ್ತಿದ್ದೆನೋ ಇಲ್ಲವೋ ನಯಾಜನಿಗೆ ಗೊತ್ತಾಗಲಿಲ್ಲ. ಕಾಂತೇಶ್ ಗೆರೆಯವರೆಗೆ ಬಂದ.

"ನೀವ್ ಎತ್ತಿದ್ರಲ್ಲ ಸಾರ್... ಅದ್ಕೇ ನಿಂತ್ವಿ."

ನಯಾಜ್ ಬಾವುಟ ಇಳಿಸಿದ. ಅಷ್ಟರಲ್ಲಿ ರೆಫರಿ ಗೋಲು ಕೊಟ್ಟು ಸೀಟಿ ಊದಿದರು, ಆಟ ಮತ್ತೆ ಶುರುವಾಯಿತು.

ಇನ್ನೇನು ಮುಗಿಯಬೇಕು ಎನ್ನುವಾಗ ಕುಣಿಗಲ್‌ನವರು ಇನ್ನೊಮ್ಮೆ ಹಾಗೆಯೇ ಉದ್ದಕ್ಕೆ ಒದ್ದರು. ಅದೇ ಫಾರ್ವರ್ಡ್, ಈ ಸಲ ಎರಡು ಮಾರು ಆಚೆ. ನಯಾಜನ ಕೈ ಮತ್ತೆ ಮೇಲೆ ಹೋಯಿತು. ಅವನ ಹುಡುಗರು ಯಾರೂ ಕೈ ಎತ್ತಲಿಲ್ಲ. ತಲೆ ತಗ್ಗಿಸಿ, ಮಣ್ಣು ಹಾರಿಸುತ್ತಾ, ಬಿದ್ದಂಬೀಳ ಓಡಿದರು. ಕಾಂತೇಶ್ ಆ ಫಾರ್ವರ್ಡ್‌ನ ಕಾಲಬುಡಕ್ಕೆ ಜಾರಿ ಚೆಂಡನ್ನು ಹೊರಕ್ಕೆ ಒದ್ದ. ಜನ ಚಪ್ಪಾಳೆ ತಟ್ಟಿದರು. ನಯಾಜ್ ಬಾವುಟ ಎತ್ತಿ ನಿಂತೇ ಇದ್ದ. ಅವನ ಕಡೆ ಒಬ್ಬನೂ ತಿರುಗಿ ನೋಡಲಿಲ್ಲ.