ಅಜ್ಜನ ಕೆಮ್ಮು

ನವಲಗುಂದದ ಕಡೆಯ ನಮ್ಮ ಊರಲ್ಲಿ ಕೆಮ್ಮನ್ನು ಯಾರೂ ರೋಗ ಅನ್ನುವುದಿಲ್ಲ. ಕಡಲೆ ರಾಶಿಯ ಧೂಳು ಅನ್ನುತ್ತಾರೆ, ಬೀಡಿ ಅನ್ನುತ್ತಾರೆ. ನಮ್ಮ ಮಠದ ಸ್ವಾಮಿ ಗುರುಪಾದಜ್ಜನ ಕೆಮ್ಮಿಗೆ ಮಾತ್ರ ಇನ್ನೊಂದು ಹೆಸರಿಟ್ಟೆವು.

ಅಜ್ಜ ಜೋಳಿಗೆ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಬಂದ ರೊಟ್ಟಿ ದಿಕ್ಕಿಲ್ಲದವರ ಪಾಲು. ಬಡವರು ಯಾರಾದರೂ ಹಾಸಿಗೆ ಹಿಡಿದರೆ, ಜಾತಿ ಕೇಳದೆ ಟಂಟಂ ರಿಕ್ಷಾದಲ್ಲಿ ಕೂರಿಸಿ ತಾವೇ ದವಾಖಾನೆಗೆ ಒಯ್ಯುತ್ತಿದ್ದರು.

ಹೋದ ವರ್ಷ ಅವರಿಗೇ ಕೆಮ್ಮು ಹತ್ತಿತು. ವಾರಗಳು ಕಳೆದರೂ ಬಿಡಲಿಲ್ಲ, ಮೈ ಇಳಿಯಿತು. ಆಶಾ ಕಾರ್ಯಕರ್ತೆ ಮಲಿಕಾಬಿ ಬಂದು ಕಫ ತಪಾಸಣೆ ಮಾಡಿಸೋಣ ಎಂದಳು. ಅಜ್ಜ ಹೊರಡಲು ಎದ್ದರು. ಹಿರಿಯ ಭಕ್ತ ಮಡಿವಾಳೆಪ್ಪ ಬಾಗಿಲಿಗೆ ಅಡ್ಡ ನಿಂತ.

“ಅಜ್ಜಾರಿಗೆ ಎಂಥಾ ರೋಗ? ಭಕ್ತರ ರೋಗ ತಮ್ಮ ಮೈಮ್ಯಾಲೆ ತಗೊಂಡಾರ. ಅದಕ್ಕ ಗುಳಿಗಿ ನಡಿಯಂಗಿಲ್ಲ.”

ಊರೆಲ್ಲ ಹೌದೆಂದಿತು. ಭಕ್ತರ ಮನಸ್ಸು ನೋಯಬಾರದೆಂದು ಅಜ್ಜ ಮತ್ತೆ ಕುಳಿತುಬಿಟ್ಟರು. ಕೆಮ್ಮಿನಲ್ಲಿ ರಕ್ತ ಕಂಡ ಮೇಲೆ ನಮಗೆ ದಿಗಿಲಾಯಿತು. ದವಾಖಾನೆಯಲ್ಲಿ ಕ್ಷಯ ಎಂದರು, ಹೊತ್ತು ಮೀರಿತ್ತು. ಅಜ್ಜ ಉಳಿಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬುದ್ಧಿಯೂ ಪೂರ್ತಿ ಬರಲಿಲ್ಲ ಅನ್ನಿ. ಅಜ್ಜನ ಹತ್ತಿರ ಇದ್ದವರೆಲ್ಲ ತಪಾಸಣೆ ಮಾಡಿಸಿಕೊಳ್ಳಬೇಕು ಎಂದು ಮಲಿಕಾಬಿ ಆಗಲೇ ಹೇಳಿದ್ದಳು. ಮಡಿವಾಳೆಪ್ಪನ ಮನೆಯವರು ಹೋಗಲಿಲ್ಲ. ಕೆಲವು ತಿಂಗಳಲ್ಲಿ ಅವನ ಹೆಂಡತಿ ಸಾವಿತ್ರೆವ್ವನಿಗೂ ಅದೇ ಕೆಮ್ಮು ಹತ್ತಿತು. ಅಜ್ಜನಿಗೆ ಕೊನೆತನಕ ಗಂಜಿ ಕುಡಿಸಿದವಳು ಅವಳೇ.

ಮಲಿಕಾಬಿ ಮತ್ತೆ ಬಂದಳು. ಸಾವಿತ್ರೆವ್ವ ಒಲ್ಲೆ ಎಂದಳು.

“ಅಜ್ಜಾರ ಸೇವಾ ಮಾಡಿ ಬಂದದ್ದು. ಪ್ರಸಾದ ಅಂತ ತಿಳ್ಕೋತೀನಿ ಬಿಡವಾ.”

“ಪ್ರಸಾದ ಅಲ್ರಿ ಅಕ್ಕಾ, ಗಾಳಿಯಾಗ ಹರಡೋ ರೋಗ. ಆವತ್ತ ಅಜ್ಜಾರು ನನ್ನ ಕೂಡ ಬರಾಕ ಎದ್ದಿದ್ರು. ನೀವು ಯಾರೂ ಬಿಡಲಿಲ್ಲ.”

ಮಡಿವಾಳೆಪ್ಪ ರುಮಾಲು ಸುತ್ತಿಕೊಂಡು ಎದ್ದ.

“ಆವತ್ತ ಬಾಗಲಕ್ಕ ಅಡ್ಡ ನಿಂತಾವ ನಾನ. ಏಳ, ಹೋಗೂಣು.”

ಸಾವಿತ್ರೆವ್ವನಿಗೆ ಕ್ಷಯ ಇರುವುದು ಬೇಗ ಗೊತ್ತಾಯಿತು. ಮನೆಯವರೆಲ್ಲರ ತಪಾಸಣೆಯೂ ಆಯಿತು. ದಿನಾ ಗುಳಿಗೆ ಕೈಗಿಡುವವನು ಮಡಿವಾಳೆಪ್ಪನೇ. ಅವಳು ಈಗ ಮತ್ತೆ ರೊಟ್ಟಿ ಬಡಿಯುತ್ತಾಳೆ. ಅವನು ಮಾತ್ರ ಮಠಕ್ಕೆ ಹೋದರೆ ಹೊಸ್ತಿಲಲ್ಲೇ ಕೂರುತ್ತಾನೆ, ಒಳಗೆ ಹೋಗುವುದಿಲ್ಲ.

ಅಣ್ಣಗಳಿರಾ, ಅಕ್ಕಗಳಿರಾ, ಎರಡು ವಾರವಾದರೂ ಕೆಮ್ಮು ಬಿಡದಿದ್ದರೆ ಕಫ ತಪಾಸಣೆ ಮಾಡಿಸಿ. ಸರ್ಕಾರಿ ದವಾಖಾನೆಯಲ್ಲಿ ತಪಾಸಣೆಗೂ ಗುಳಿಗೆಗೂ ರೊಕ್ಕವಿಲ್ಲ. ಆರಾಮಾಯಿತೆಂದು ಗುಳಿಗೆಯನ್ನು ನಡುವೆ ಬಿಡಬೇಡಿ, ಡಾಕ್ಟರು ಹೇಳುವ ತನಕ ನುಂಗಿ. ನೀವು ನಂಬಿದ ಹಿರಿಯರ ಪಾದ ಮುಟ್ಟಿ, ಹಾಗೆಯೇ ಕೈ ಹಿಡಿದು ದವಾಖಾನೆಗೂ ಕರೆದುಕೊಂಡು ಹೋಗಿ. ನಮ್ಮ ಅಜ್ಜನಿಗೆ ನಾವು ಅಷ್ಟು ಮಾಡಲಿಲ್ಲ.