ಹಳೇ ಕಂಪ್ಯೂಟರಿನ ‘ಸಲ್ಲಿಸಿ’ ಬಟನ್

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಆಮೇಲೆ ಟಕ್ ಟಕ್ ಟಕ್ ಎಂದು ಒಂದರ ಬೆನ್ನಿಗೆ ಒಂದು.

ಮೌಸಿನ ಸದ್ದು ಹಗಲಿನಲ್ಲಾದರೆ ಮಹಡಿಯವರೆಗೆ ಬರುವುದಿಲ್ಲ. ರಾತ್ರಿ ಹನ್ನೊಂದೂ ಕಾಲಿಗೆ ಬರುತ್ತದೆ. ಒಂದು ಕ್ಲಿಕ್ಕಿಗೂ ಮುಂದಿನದಕ್ಕೂ ನಡುವಿನ ಬಿಡುವು ಕಡಿಮೆಯಾಗುತ್ತ ಹೋದರೆ ಅದರ ಅರ್ಥ ಒಂದೇ: ಒತ್ತುವವರು ಒತ್ತುತ್ತಿದ್ದಾರೆ, ಕಂಪ್ಯೂಟರು ಕೇಳಿಸಿಕೊಳ್ಳುತ್ತಿಲ್ಲ. ವೆಬ್‌ಸೈಟು ಕಟ್ಟುವ ಸಣ್ಣ ಕಂಪನಿಯೊಂದರಲ್ಲಿ ಎಂಟು ವರ್ಷದಿಂದ ಇರುವವಳಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೆ? ಮೆಟ್ಟಿಲಿಳಿದು ಕೆಳಗೆ ಹೋದೆ.

ಮನೆ ಅಕ್ಕ–ಭಾವನದು, ನಾನಿರುವುದು ಮೇಲಿನ ಕೋಣೆಯಲ್ಲಿ. ಕೆಳಗೆ ರಸ್ತೆಗೆ ತೆರೆದುಕೊಳ್ಳುವ ಕೋಣೆ ಭಾವನ ಅಂಗಡಿ. ಅಲ್ಲಿ ಆರು ಸೂಜಿಯ ಕಸೂತಿ ಮಿಷನ್ನು, ಬಣ್ಣಬಣ್ಣದ ದಾರದ ಉಂಡೆಗಳು, ಶಾಲೆಯ ಲಾಂಛನ ಹೊಲಿಸಿಕೊಳ್ಳಲು ಕಾದಿರುವ ಅಂಗಿಗಳ ರಾಶಿ. ಮೂಲೆಯಲ್ಲಿ, ಆ ಮಿಷನ್ನಿಗೆ ಚಿತ್ರ ಕಳಿಸುವ ಹದಿನಾಲ್ಕು ವರ್ಷ ಹಳೆಯ ಕಂಪ್ಯೂಟರು. ಅದರ ಮುಂದೆ ಅಕ್ಕ ಕೂತಿದ್ದಳು. ಭಾವ ಪಕ್ಕದಲ್ಲಿ ಅಂಗಿಯೊಂದರ ಹಿಂಬದಿಯ ದಾರ ಕತ್ತರಿಸುತ್ತಿದ್ದರು.

“ಬಂದ್ಯಾ? ನೋಡೇ ಇದನ್ನ,” ಅಂದಳು ಅಕ್ಕ. “ಎಲ್ಲಾ ತುಂಬಿದೀನಿ. ಒಂಬತ್ತನೇ ಪುಟ, ಕೊನೇದು. ‘ಸಲ್ಲಿಸಿ’ ಅಂತ ಇದೆ, ಒತ್ತಿದ್ರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಿದೆ.”

“ಮೂರು ವಾರದಿಂದ ಬಡ್ಕೊಂಡೆ, ಕೊನೇ ದಿನದ ತನಕ ಕಾಯ್ಬೇಡ ಅಂತ,” ಅಂದರು ಭಾವ.

“ಅನುಭವದ ಪತ್ರ ಕೊಟ್ಟಿದ್ದೇ ಇವತ್ತು ಸಂಜೆ ರೀ. ಆ ಪ್ರಿನ್ಸಿಪಾಲರಿಗೆ ಸಹಿ ಹಾಕೋಕೆ ಮುಹೂರ್ತ ಬೇಕಿತ್ತು. ನಾನೇನು ಸುಮ್ನೆ ಕೂತಿದ್ನಾ?”

ಅಕ್ಕ ಕಾಲೇಜಿನ ಲೈಬ್ರರಿಯಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ. ಪ್ರತಿ ಬೇಸಿಗೆಯಲ್ಲೂ ತೆಗೆಯುತ್ತಾರೆ, ಕಾಲೇಜು ಶುರುವಾದ ಮೇಲೆ ಮತ್ತೆ ಕರೆಯುತ್ತಾರೆ. ಈಗ ಕಾಯಂ ಹುದ್ದೆಗಳಿಗೆ ಅರ್ಜಿ ಕರೆದಿದ್ದರು. ವಯಸ್ಸಿನ ಮಿತಿ ನಲವತ್ತೈದು. ಮುಂದಿನ ತಿಂಗಳು ಅಕ್ಕನಿಗೆ ನಲವತ್ತೈದು ದಾಟುತ್ತದೆ. ಇದೇ ಮೊದಲು, ಇದೇ ಕೊನೆ. ಇವತ್ತು ರಾತ್ರಿ ಹನ್ನೆರಡಕ್ಕೆ ಬಾಗಿಲು ಮುಚ್ಚುತ್ತದೆ.

ಅವರಿಬ್ಬರಿಗೂ ಗೊತ್ತಿಲ್ಲದ ಸಂಗತಿ ಒಂದಿತ್ತು. ಆ ಅರ್ಜಿಯ ಸೈಟು ಕಟ್ಟಿದ್ದು ನಮ್ಮ ಕಂಪನಿ. ಆ ಒಂಬತ್ತನೇ ಪುಟವನ್ನು ಪರೀಕ್ಷೆ ಮಾಡಿ ‘ಸರಿ ಇದೆ’ ಎಂದು ಗುರುತು ಹಾಕಿದವಳು ನಾನು. ಮನೆಯವರಿಗೂ ಹೇಳಬಾರದೆಂದು ನಮ್ಮಿಂದ ಸಹಿ ಮಾಡಿಸಿಕೊಂಡಿದ್ದರು. ಹತ್ತಿರದ ಸಂಬಂಧಿಕರು ಅರ್ಜಿ ಹಾಕಿದರೆ ಕಂಪನಿಗೆ ತಿಳಿಸಬೇಕೆಂದೂ ಅದರಲ್ಲಿತ್ತು. ಅಕ್ಕ ಅರ್ಜಿ ತೆರೆದ ದಿನವೇ ತಿಳಿಸಬೇಕಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ ಮೂರು ವಾರ ಕಳೆದಿದ್ದೆ.

“ಸರಿ, ಸ್ವಲ್ಪ ಜರುಗು,” ಎಂದೆ. ನಾನೂ ಒತ್ತಿದೆ. ಏನೂ ಆಗಲಿಲ್ಲ. ಬಟನ್ನಿನ ಬಣ್ಣ ಕೂಡ ಬದಲಾಗಲಿಲ್ಲ.

“ಯಾರು ಮಾಡಿದ್ದೋ ಈ ಸೈಟು,” ಅಂದಳು ಅಕ್ಕ, “ಅವರ ಕೈಗೆ ಹಾವು ಕಚ್ಚ.”

“ಹಾವು ಯಾಕೆ ಪಾಪ,” ಅಂದರು ಭಾವ. “ಅವರ ಮನೆಯವರೇ ಸಾಕು.”

ನಾನು ನಕ್ಕೆ. ನಕ್ಕದ್ದು ಸ್ವಲ್ಪ ಹೆಚ್ಚಾಯಿತೇನೋ, ಅಕ್ಕ ನನ್ನ ಮುಖ ನೋಡಿದಳು.

ಏನಾಗಿದೆ ಎಂದು ನನಗೆ ಅಷ್ಟರಲ್ಲೇ ಹೊಳೆದಿತ್ತು. ಮೊದಲ ಎಂಟು ಪುಟ ಹಳೆಯ ಪದ್ಧತಿಯವು. ಎಂಥ ಕಂಪ್ಯೂಟರಿನಲ್ಲೂ ನಡೆಯುತ್ತವೆ. ಒಂಬತ್ತನೆಯದನ್ನು ಮಾತ್ರ, ಸೈಟು ತೆರೆಯುವುದಕ್ಕೆ ಮುಂಚಿನ ಕೊನೆಯ ವಾರ, ಹೊಸ ಶೈಲಿಯಲ್ಲಿ ಬರೆದರು. ಆಗ ನಾನು ಆಕ್ಷೇಪಿಸಿದ್ದೆ. ನಮ್ಮ ತಂಡದ ಮುಖ್ಯಸ್ಥರು ಯಾವ ಮಾತಿಗೂ ಅಂಕಿ ಅಂಟಿಸುವವರು. ಬೆನ್ನ ಹಿಂದೆ ನಾವು ಅವರನ್ನು ಶೇಕಡಾ ಎನ್ನುತ್ತೇವೆ. “ಹಳೇ ಕಂಪ್ಯೂಟರ್ ಇಟ್ಕೊಂಡಿರೋರು ಎರಡು ಪರ್ಸೆಂಟ್. ಎತ್ತಿನಗಾಡಿಗೆ ಜಾಗ ಬಿಡ್ತಾ ಕೂತ್ರೆ ಹೆದ್ದಾರಿ ಕಟ್ಟೋದ್ಯಾವಾಗಮ್ಮ?” ಅಂದಿದ್ದರು.

“ಸಾರ್, ಇದು ಕೆಲಸಕ್ಕೆ ಅರ್ಜಿ. ಹಾಕೋರು ಕೆಲಸ ಇಲ್ದೋರು. ಅವರ ಹತ್ರ ಹೊಸ ಕಂಪ್ಯೂಟರ್ ಎಲ್ಲಿರುತ್ತೆ?”

“ಹಾಗಾದ್ರೆ ನೀವೇ ಹಳೇದರಲ್ಲಿ ಟೆಸ್ಟ್ ಮಾಡಿ ಬರ್ಕೊಡಿ. ನಡೆಯುತ್ತೆ ಅಂದ್ರೆ ಬಿಡ್ತೀನಿ, ಇಲ್ಲ ಅಂದ್ರೆ ತೆಗೀತೀನಿ. ನಿಮ್ಮ ಮಾತೇ ಕೊನೇದು.”

ಮಾತು ಗೆದ್ದೆ ಎಂದುಕೊಂಡು ಟೇಬಲ್ಲಿಗೆ ಬಂದಿದ್ದೆ. ಆದರೆ ನಮ್ಮ ಆಫೀಸಿನಲ್ಲಿ ಹಳೆಯ ಕಂಪ್ಯೂಟರು ಎಂಬುದೇ ಇಲ್ಲ. ಹೊಸ ಕಂಪ್ಯೂಟರಿಗೆ ‘ನೀನು ಹಳೆಯದೆಂದು ನಟಿಸು’ ಎಂದು ಹೇಳುವ ಒಂದು ಸೌಲಭ್ಯವಿದೆ. ಅದು ನಟಿಸಿತು, ಹೆಸರು ಹಳೆಯದು, ಮೆದುಳು ಮಾತ್ರ ತನ್ನದೇ. ಪುಟ ಚೆನ್ನಾಗಿ ನಡೆಯಿತು. ನಾನು ಗುರುತು ಹಾಕಿದೆ. ಮನೆಯಲ್ಲಿ, ಹದಿನೆಂಟು ಮೆಟ್ಟಿಲ ಕೆಳಗೆ, ನಟಿಸಬೇಕಾದ ಅಗತ್ಯವೇ ಇಲ್ಲದ ಹಳೆಯದೊಂದು ದಿನವಿಡೀ ಓಡುತ್ತಿತ್ತು. ಐದು ನಿಮಿಷದ ಕೆಲಸ. ಯಾಕೆ ಹೊಳೆಯಲಿಲ್ಲವೋ, ಇವತ್ತಿಗೂ ನನಗೆ ಸರಿಯಾದ ಉತ್ತರ ಸಿಕ್ಕಿಲ್ಲ.

“ನಿನ್ನ ಲ್ಯಾಪ್‌ಟಾಪ್ ತಗೊಂಡು ಬಾರೇ,” ಅಂದಳು ಅಕ್ಕ. “ಅದ್ರಲ್ಲಿ ಕಳಿಸೋಣ.”

ತಂದೆ. ಅವಳ ಅರ್ಜಿಯ ಸಂಖ್ಯೆ ಹಾಕಿದೆ. ಪರದೆಯ ಮೇಲೆ ಬಂತು: ‘ಈ ಅರ್ಜಿ ಬೇರೊಂದು ಕಂಪ್ಯೂಟರಿನಲ್ಲಿ ತೆರೆದಿದೆ. ತಮ್ಮ ಹಿತದೃಷ್ಟಿಯಿಂದ, ದಯವಿಟ್ಟು ಎರಡು ಗಂಟೆಗಳ ನಂತರ ಪ್ರಯತ್ನಿಸಿ.’

“ಎರಡು ಗಂಟೆ ಆದ್ಮೇಲೆ ನಾಳೆ ಆಗಿರುತ್ತಲ್ಲಯ್ಯಾ!” ಎಂದು ಭಾವ ಪರದೆಗೇ ಹೇಳಿದರು. “ನಮ್ಮ ಹಿತದೃಷ್ಟಿ ಅಂತೆ. ಎಷ್ಟು ಮರ್ಯಾದೆಯಾಗಿ ಕತ್ತು ಕುಯ್ತಾರೆ ನೋಡು.”

ಆ ವಾಕ್ಯ ಬರೆದವಳೂ ನಾನೇ. ಇಂಟರ್‌ನೆಟ್ ಅಂಗಡಿಗಳಲ್ಲಿ ಒಬ್ಬರ ಅರ್ಜಿಯನ್ನು ಇನ್ನೊಬ್ಬರು ತೆರೆದು ತಿದ್ದಬಾರದೆಂದು ಆ ನಿಯಮ. ‘ತಮ್ಮ ಹಿತದೃಷ್ಟಿಯಿಂದ’ ಎಂಬ ಪದಕ್ಕಾಗಿ ಅರ್ಧ ದಿನ ಯೋಚಿಸಿದ್ದೆ.

ಹನ್ನೊಂದೂ ಇಪ್ಪತ್ತೇಳು.

“ಎಲ್ಲಾ ನಿಮ್ಮ ಈ ಡಬ್ಬಾದಿಂದ,” ಎಂದು ಅಕ್ಕ ಭಾವನ ಕಡೆ ತಿರುಗಿದಳು. “ಹೊಸದು ತಗೊಳ್ಳಿ ಅಂತ ಎಷ್ಟು ಸಲ ಹೇಳಿದೆ?”

“ಹೊಸದು ತಂದ್ರೆ ಮಿಷನ್ನು ಮೂಕ ಆಗುತ್ತೆ. ಅದರ ಸಾಫ್ಟ್‌ವೇರ್ ಇದರ ಜೊತೆ ಮಾತ್ರ ಮಾತಾಡೋದು. ಹೊಸ ಸಾಫ್ಟ್‌ವೇರ್ ಕೇಳಿದ್ರೆ ಹೊಸ ಮಿಷನ್ನೇ ತಗೊಳ್ಳಿ ಅಂದ್ರು ಕಂಪನಿಯೋರು. ಕೆಲಸ ಮಾಡೋ ಸಾಮಾನನ್ನ ಮೂರು ವರ್ಷಕ್ಕೊಂದ್ಸಲ ಬಿಸಾಕೋಕೆ ಅದೇನು ಹಲ್ಲುಜ್ಜೋ ಬ್ರಷ್ಷಾ?” ದಾರ ಕತ್ತರಿಸುವ ಕತ್ತರಿಯನ್ನು ನನ್ನ ಕಡೆ ಆಡಿಸಿದರು. “ಹೇಳಮ್ಮ, ನೀನೂ ಅದೇ ಜಾತಿಯೋಳಲ್ವಾ? ಹಳೇದರಲ್ಲಿ ಒಂದು ಬಟನ್ ಒತ್ತಿದ್ರೆ ಒತ್ತಿಸ್ಕೊಳ್ಳೋಕೆ ಏನಂತೆ ದಾಡಿ?”

ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. “ಒಂದು ಫೋನ್ ಮಾಡ್ತೀನಿ, ಗೊತ್ತಿರೋರೊಬ್ರಿದ್ದಾರೆ,” ಎಂದು ಲ್ಯಾಪ್‌ಟಾಪ್ ಎತ್ತಿಕೊಂಡು ಮೇಲೆ ಹೋದೆ.

ಶೇಕಡಾ ಮೊದಲ ರಿಂಗಿಗೇ ಎತ್ತಿದರು. ಕೊನೆಯ ದಿನವಲ್ಲವೆ, ಅವರೂ ಎಚ್ಚರವಿದ್ದರು.

“ಸಾರ್, ಹಳೇ ಕಂಪ್ಯೂಟರುಗಳಲ್ಲಿ ಕೊನೇ ಬಟನ್ ಒತ್ತೋಕಾಗ್ತಿಲ್ಲ ಅಂತ ಒಂದು ದೂರು.”

“ಯಾರ ದೂರು? ನಂಗೊಂದೂ ಬಂದಿಲ್ಲ.”

“ನನಗೆ… ಗೊತ್ತಿರೋರು.”

“ನೀವೇ ಟೆಸ್ಟ್ ಮಾಡಿ ಸರಿ ಇದೆ ಅಂತ ಬರ್ಕೊಟ್ಟಿದೀರಲ್ಲಮ್ಮ.”

“ಒಂದು ಸಾಲು ಸಾರ್. ಹಳೇ ಥರದ ಬಟನ್ ಹಾಕಿದ್ರೆ ಎಲ್ಲದರಲ್ಲೂ ನಡೆಯುತ್ತೆ. ಹತ್ತು ನಿಮಿಷ ಸಾಕು. ನೀವು ಒಪ್ಪಿಗೆ ಕೊಟ್ರೆ—”

“ಕೈಮುಗೀತೀನಿ, ಮುಟ್ಟಬೇಡಿ. ಇವತ್ತು ಸಂಜೆ ಆರರ ಮೇಲೆ ಯಾರೂ ಏನೂ ಮುಟ್ಟಬಾರದು ಅಂತ ಒಪ್ಪಂದದಲ್ಲೇ ಇದೆ. ಈಗ ಒಳಗೆ ಸಾವಿರಾರು ಜನ ಇದಾರೆ. ಆ ಸಾಲು ಕೈಕೊಟ್ರೆ ಅಷ್ಟೂ ಅರ್ಜಿ ನೀರಲ್ಲಿ ಹೋಮ. ನಿಮ್ಮ ಕೆಲಸಾನೂ ಹೋಗುತ್ತೆ, ನಂದೂ ಹೋಗುತ್ತೆ. ಮಲ್ಕೊಳ್ಳಿ.”

ಫೋನಿಟ್ಟರು. ಹನ್ನೊಂದೂ ಮೂವತ್ತಾರು.

ನಡೆಯುತ್ತಿರುವ ಸೈಟಿನಲ್ಲಿ ಏನೇ ಬದಲಿಸಿದರೂ ಇಬ್ಬರು ಬೇಕು ನಮ್ಮಲ್ಲಿ: ಒಬ್ಬರು ಬರೆಯಬೇಕು, ಇನ್ನೊಬ್ಬರು ಒಪ್ಪಬೇಕು. ಒಪ್ಪುವವರು ಶೇಕಡಾ. ಹೋದ ವರ್ಷ ಅವರ ತಂದೆ ಆಸ್ಪತ್ರೆಯಲ್ಲಿದ್ದಾಗ, “ನೀವಾದ್ರೆ ನಂಬಬಹುದು,” ಎಂದು ತಮ್ಮ ಪಾಸ್‌ವರ್ಡ್ ನನಗೆ ಕೊಟ್ಟಿದ್ದರು. ಆಮೇಲೆ ಅದನ್ನು ಬದಲಿಸಬೇಕಿತ್ತು. ಬದಲಿಸಿಲ್ಲ ಎಂದು ನನಗೆ ಗೊತ್ತಿತ್ತು. ಇಂಥವನ್ನು ಗಮನಿಸುವುದು ನನ್ನ ಸ್ವಭಾವ, ಬೇಡವೆಂದರೂ ಕಣ್ಣಿಗೆ ಬೀಳುತ್ತದೆ.

ಕೆಳಗಿನಿಂದ ಅಕ್ಕನ ದನಿ ಕೇಳಿಸಿತು. ಬೈಯುತ್ತಿರಲಿಲ್ಲ. “ಹೋಗ್ಲಿ ಬಿಡ್ರೀ, ನಂಗೆ ಬರೆದಿಲ್ಲ,” ಎನ್ನುತ್ತಿದ್ದಳು. ಅಕ್ಕ ಬೈಯುವುದನ್ನು ನಿಲ್ಲಿಸಿದರೆ ನನಗೆ ಭಯವಾಗುತ್ತದೆ.

ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ತೆರೆದೆ. ಹೊಸ ಬಟನ್ನು ತೆಗೆದು, ನಾನು ಕಾಲೇಜಿನಲ್ಲಿ ಮೊದಲು ಕಲಿತಿದ್ದ ಸಾದಾ ಬಟನ್ನು ಬರೆದೆ. ಆತುರದಲ್ಲಿ ಒಂದು ಆವರಣ ಚಿಹ್ನೆ ಬಿಟ್ಟುಹೋಗಿತ್ತು. ಅದನ್ನು ಹಾಗೇ ಕಳಿಸಿದ್ದರೆ ಶೇಕಡಾ ಹೇಳಿದಂತೆ ಅಷ್ಟೂ ಜನರ ಪುಟ ಬಿದ್ದುಹೋಗುತ್ತಿತ್ತು. ಅದನ್ನು ಸೇರಿಸಿ ಮೂರು ಸಲ ಓದಿದೆ. ಪರೀಕ್ಷಿಸಲು ಸಮಯವಿರಲಿಲ್ಲ. ನನ್ನ ಹೆಸರಿನಲ್ಲಿ ಕಳಿಸಿ, ಅವರ ಹೆಸರಿನಲ್ಲಿ ಒಳಹೊಕ್ಕು, ಒಪ್ಪಿದೆ. ಪಾಸ್‌ವರ್ಡ್ ಅದೇ ಇತ್ತು.

ಹನ್ನೊಂದೂ ಐವತ್ತೊಂದು. ಎರಡೆರಡು ಮೆಟ್ಟಿಲು ಹಾರಿ ಇಳಿದೆ.

“ಅಕ್ಕ, ಪುಟಾನ ಇನ್ನೊಂದ್ಸಲ ತೆರಿ. ಮೇಲಿನ ಆ ಗುಂಡಗಿರೋ ಬಾಣ ಒತ್ತು.”

“ಎಲ್ಲಾ ಅಳಿಸಿಹೋದ್ರೆ?”

“ಹೋಗಲ್ಲ.”

“ನಿಂಗೆ ಹೇಗೆ ಗೊತ್ತು?”

“ಗೊತ್ತು ಕಣೇ, ಒತ್ತೇ!”

ನಾನು ಅವಳ ಮೇಲೆ ಕೂಗಿದ್ದು ಹುಟ್ಟಿದಾಗಿನಿಂದ ಅದೇ ಮೊದಲಿರಬೇಕು. ಭಾವನ ಕತ್ತರಿ ನಿಂತಿತು. ಅಕ್ಕ ಒತ್ತಿದಳು. ಪುಟ ಬಿಳಿಯಾಯಿತು. ಆ ಕಂಪ್ಯೂಟರು ಯಾವುದಕ್ಕೂ ಆತುರಪಡುವುದಲ್ಲ. ಬಿಳಿ ಪರದೆ ಹಾಗೇ ಇತ್ತು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಒಂದು ನಿಮಿಷವೋ ಎರಡೋ. ಆಮೇಲೆ ಅವಳ ಹೆಸರು ಬಂತು, ಫೋಟೋ ಬಂತು, ಎಲ್ಲಕ್ಕೂ ಕೆಳಗೆ ಬೂದು ಬಣ್ಣದ, ಅಂದಚಂದವಿಲ್ಲದ ಒಂದು ಬಟನ್ನು ಬಂತು.

“ಇದು ಬೇರೆ ಥರ ಇದೆಯಲ್ಲೇ.”

“ಒತ್ತು.”

ಹನ್ನೊಂದೂ ಐವತ್ತಾರಕ್ಕೆ ಸ್ವೀಕೃತಿ ಪತ್ರ ಬಂತು. ಅಕ್ಕ ಅಳಲಿಲ್ಲ, ನಗಲೂ ಇಲ್ಲ. ಅಂಗಡಿಯ ಪ್ರಿಂಟರಿನಲ್ಲೇ ಅದರ ಮೂರು ಪ್ರತಿ ತೆಗೆದಳು. ಭಾವ ಕಂಪ್ಯೂಟರಿನ ನೆತ್ತಿ ತಟ್ಟಿ, “ನೋಡಿದ್ಯಾ, ಯಾರ ಮೇಲೆ ಗೂಬೆ ಕೂರಿಸ್ತಿದ್ದೆ,” ಅಂದರು.

“ಏನು ಮಾಡ್ದೆ ನೀನು?” ಎಂದು ಅಕ್ಕ ಕೇಳಿದಳು.

“ಏನಿಲ್ಲ. ಒಂದೊಂದ್ಸಲ ಹಾಗೆ ಸಿಕ್ಕಾಕೊಳ್ಳುತ್ತೆ, ಮತ್ತೆ ತೆರೆದ್ರೆ ಸರಿಯಾಗುತ್ತೆ.”

ಮೇಲೆ ಹೋಗಿ, ಹನ್ನೆರಡೂ ಐದಕ್ಕೆ, ಮತ್ತೆ ಶೇಕಡಾ ಹೆಸರಿನಲ್ಲೇ ಒಪ್ಪಿ, ಹಿಂದಿನ ಬಟನ್ನನ್ನೇ ಅದರ ಜಾಗಕ್ಕೆ ಹಾಕಿದೆ. ಆಗಲೇ ಮಲಗಬೇಕಿತ್ತು. ಮಲಗದೆ, ಬಂದ ಅರ್ಜಿಗಳ ಪಟ್ಟಿ ತೆರೆದೆ. ನಾನು ಬಟನ್ ಬದಲಿಸಿದ ಮೇಲೆ ಹನ್ನೆರಡರವರೆಗಿನ ಒಂಬತ್ತು ನಿಮಿಷದಲ್ಲಿ, ಅಕ್ಕನದು ಸೇರಿ ಎಂಟು ಹಳೆಯ ಕಂಪ್ಯೂಟರುಗಳಿಂದ ಅರ್ಜಿ ಬಂದಿತ್ತು. ಅದಕ್ಕೆ ಮೊದಲು ಮೂರು ವಾರದಲ್ಲಿ, ಅಂಥ ಕಂಪ್ಯೂಟರುಗಳಿಂದ, ಒಂದೂ ಬಂದಿರಲಿಲ್ಲ. ಒಂಬತ್ತನೇ ಪುಟದವರೆಗೆ ಬಂದವರಿದ್ದರು. ಬಂದು, ಅಲ್ಲೇ ನಿಂತವರು. ನಾನೂರ ಹನ್ನೊಂದು ಜನ. ಕೆಲವರು ನಾಲ್ಕೈದು ದಿನ ಮತ್ತೆ ಮತ್ತೆ ಬಂದಿದ್ದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತ ಮಲಗಿದ್ದೆ. ಹೇಳಿದರೆ ಆ ನಾನೂರ ಹನ್ನೊಂದು ಜನಕ್ಕೆ ಇನ್ನೊಂದು ವಾರ ಸಿಗಬಹುದು. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಶೇಕಡಾ ಅವರದೂ ಹೋಗುತ್ತದೆ. ಅಷ್ಟಾದರೆ ಹೇಳಿಬಿಡಬಹುದಿತ್ತು ಎಂದುಕೊಳ್ಳುತ್ತೇನೆ, ನಿಜವೋ ಸುಳ್ಳೋ. ಆದರೆ ಸೈಟಿನ ಒಳಗಿರುವವಳು ಕೈಯಾಡಿಸಿದ್ದು ತನ್ನ ಅಕ್ಕನಿಗಾಗಿ ಎಂದು ಗೊತ್ತಾದ ದಿನ ಎಲ್ಲಕ್ಕಿಂತ ಮೊದಲು ಹರಿದುಹಾಕುವುದು ಅಕ್ಕನ ಅರ್ಜಿಯನ್ನೇ.

ಬೆಳಿಗ್ಗೆ ಆಫೀಸಿನಲ್ಲಿ ಶೇಕಡಾ ಖುಷಿಯಾಗಿದ್ದರು. “ರಾತ್ರಿ ಯಾರದೋ ದೂರು ಅಂದ್ರಲ್ಲ, ಏನಾಯ್ತು?”

“ಅವರ ಇಂಟರ್‌ನೆಟ್ ಸರಿ ಇರ್ಲಿಲ್ವಂತೆ ಸಾರ್.”

“ನಾನು ಹೇಳ್ಲಿಲ್ವಾ? ನೀವು ಸುಮ್ಸುಮ್ನೆ ಹೆದರ್ತೀರ. ಅದಿರ್ಲಿ, ದೂರಿನ ಪೆಟ್ಟಿಗೇಲಿ ಒಂದು ಬಂದು ಕೂತಿದೆ. ನೋಡಿ ಮುಗಿಸ್ಬಿಡಿ.”

ತೆರೆದೆ. ಯಾರೋ ಹೆಂಗಸು ಬರೆದದ್ದು. ‘ಆರು ದಿನದಿಂದ ಒತ್ತುತ್ತಿದ್ದೇನೆ, ಹೋಗುತ್ತಿಲ್ಲ. ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ ತಿಳಿಸಬೇಕು.’ ಮೊಬೈಲಿನಿಂದ ಪರದೆಯ ಫೋಟೋ ತೆಗೆದು ಜೊತೆಗಿಟ್ಟಿದ್ದಳು. ಒಂಬತ್ತನೇ ಪುಟ. ಬಟನ್ನನ್ನು ತೋರಿಸಲು ಒಂದು ಬೆರಳನ್ನು ಅದರ ಪಕ್ಕ ಹಿಡಿದಿದ್ದಳು. ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿತ್ತು.

ಪ್ರತಿ ದೂರಿಗೂ ಕಾರಣ ಆರಿಸಬೇಕು. ಎರಡೇ ಇವೆ. ‘ಸೈಟಿನ ದೋಷ’ ಎಂದರೆ ತನಿಖೆಯಾಗುತ್ತದೆ. ಯಾರು ಯಾವ ಹೊತ್ತಿನಲ್ಲಿ ಏನು ಬದಲಿಸಿದರು, ಯಾರು ಒಪ್ಪಿದರು ಎಂಬ ದಾಖಲೆ ತೆರೆಯುತ್ತದೆ. ಇನ್ನೊಂದು, ‘ಅರ್ಜಿದಾರರ ಕಂಪ್ಯೂಟರಿನ ತೊಂದರೆ’.

ಅಕ್ಕನಿಂದ ಮೆಸೇಜು ಬಂತು. ಸ್ವೀಕೃತಿ ಪತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದಳಂತೆ. ಸಂಜೆ ಬೇಗ ಬಾ, ಎಂದಿದ್ದಳು.

ಆ ಹೆಂಗಸಿನ ದೂರನ್ನು ಇನ್ನೊಮ್ಮೆ ಓದಿದೆ. ಶೇಕಡಾ ಹಿಂದೆ ಬಂದು ನಿಂತು, “ಮುಗೀತಾ?” ಅಂದರು.

“ಮುಗೀತು ಸಾರ್,” ಎಂದೆ. ಯಾರಿಗೂ ಹೇಳುವುದಿಲ್ಲ, ಅಕ್ಕನಿಗೂ ಇಲ್ಲ, ಎಂದು ತೀರ್ಮಾನಿಸಿದ್ದು ಆಗಲೇ. ಎರಡನೆಯ ಕಾರಣವನ್ನು ಆರಿಸಿದೆ.