ಸುಣ್ಣ ಕಾಣದ ಗಾಣದ ಬೀದಿ

ಆ ವರ್ಷ ಯುಗಾದಿ ಹತ್ತಿರ ಬಂದರೂ ತಮಿಳುನಾಡಿನ ಗಡಿಯ ಹೊಸೂರಿನ ಗಾಣದ ಬೀದಿಯಲ್ಲಿ ಒಂದು ಮನೆಗೂ ಸುಣ್ಣ ಬಿದ್ದಿರಲಿಲ್ಲ. ಹಬ್ಬಕ್ಕೆ ಸುಣ್ಣ ಬಳಿಯದವರು ಮನೆ ಬಿಟ್ಟು ಹೋಗುವವರೇ ಎಂದು ಆ ಬೀದಿಯವರ ಲೆಕ್ಕ. ಹಾಗಾಗಿ ನಾರಾಯಣಮ್ಮ ದಿನಾ ಪಕ್ಕದ ಪಾರ್ವತಮ್ಮನ ಗೋಡೆ ನೋಡಿ, "ಇವ್ಳು ಮನೆ ಮಾರ್ಬುಟ್ಟವ್ಳೆ, ಬಾಯಿ ಬಿಡ್ತಿಲ್ಲ" ಎಂದು ಹಲ್ಲು ಕಡಿಯುತ್ತಿದ್ದರು.

ಊರಿಗೆ ಫ್ಯಾಕ್ಟರಿಗಳು ಬಂದ ಮೇಲೆ ಹಳೆ ಬೀದಿಯ ನೆಲಕ್ಕೂ ಬೆಲೆ ಬಂದಿತ್ತು. ದಲ್ಲಾಳಿ ಶ್ಯಾಮಣ್ಣ ಒಬ್ಬೊಬ್ಬರನ್ನೇ ಮೂಲೆಗೆ ಕರೆದು ಹೇಳುತ್ತಿದ್ದ: "ಮಿಕ್ಕೋರೆಲ್ಲಾ ಮನೆ ಮಾರಕ್ಕೆ ಒಪ್ಕೊಂಡವ್ರೆ. ನೀವೊಬ್ರೇ ಉಳ್ಕೊಂಡ್ರೆ ಅರ್ಧ ಬೆಲೆನೂ ಸಿಗಲ್ಲ. ಯಾರ್ಗೂ ಹೇಳ್ಬ್ಯಾಡಿ." ಚರಂಡಿ ಕೇಳಲು ಹೋದರೆ ನಗರಸಭೆ ಆಫೀಸಿನವರು, "ಖಾಲಿ ಆಗೋ ಬೀದಿಗೆ ಯಾಕೆ ಖರ್ಚು?" ಎನ್ನುತ್ತಿದ್ದರು.

ಗಂಡ ತೀರಿಕೊಂಡ ನಾರಾಯಣಮ್ಮನಿಗೆ ಇದ್ದದ್ದು ಆ ಮನೆಯೊಂದೇ. ಎರಡು ಮನೆಗೂ ನಡುವೆ ಒಂದೇ ಗೋಡೆ. ಪಾರ್ವತಮ್ಮನ ಮನೆ ಕೆಡವಿದರೆ ಇವರ ತೊಲೆಯೂ ನಿಲ್ಲುವುದಿಲ್ಲ.

ಒಂದು ಸಂಜೆ ಎದುರು ಮನೆಯ ಟೀಚರ್ ವೇದವತಿ ಬಂದಳು.

"ಅಕ್ಕಾ, ಬೀದಿಯೋರೆಲ್ಲಾ ಕೂತು ಮಾತಾಡಾನ. ಒಟ್ಗೆ ಹೋಗಿ ಕೇಳಿದ್ರೆ ಚರಂಡಿ ಮಾಡಿಸ್ಕೋಬೋದು."

"ಇದ್ರಾಗೆ ನಿನ್ಗೇನಮ್ಮ ಲಾಭ? ಶ್ಯಾಮಣ್ಣ ಕಳ್ಸಿದ್ನಾ?"

"ನಮ್ಮನೆ ಮುಂದೇನೂ ಕೊಚ್ಚೆ ನಿಂತದೆ, ಅದೇ ಲಾಭ. ಅದಿರ್ಲಿ, ನೀವ್ಯಾಕೆ ಸುಣ್ಣ ಬಳೀಲಿಲ್ಲ?"

"ಬೀದಿನೇ ಖಾಲಿ ಆಗೋವಾಗ ನಾನೊಬ್ಳು ಬಳ್ದು ಏನ್ ಮಾಡ್ಲಿ? ಆ ಪಾರ್ವತಮ್ಮನ್ನ ಕೇಳೋಗು!"

ಮಾತು ಗೋಡೆಯಾಚೆ ಕೇಳಿಸಿತು. ಪಾರ್ವತಮ್ಮ ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟಳು.

"ನಾನೇನು ಮಾರಿಲ್ಲ ಕಣಕ್ಕ! ನೀನೇ ಮಾರ್ಬುಟ್ಟೆ ಅಂತ ಶ್ಯಾಮಣ್ಣ ಅಂದ. ನಿನ್ ಗೋಡೆ ನೋಡಿ ನಾನೂ ನಂಬ್ದೆ."

ನಾರಾಯಣಮ್ಮನಿಗೆ ನಾಚಿಕೆಯೂ ಆಯಿತು, ಶ್ಯಾಮಣ್ಣನ ಮೇಲೆ ಸಿಟ್ಟೂ ಬಂತು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂದು ಸುಮ್ಮನೆ ಹೇಳುತ್ತಾರೆಯೇ?

ಮರುದಿನ ಬೀದಿಯವರೆಲ್ಲ ಗುಡಿ ಜಗುಲಿಯಲ್ಲಿ ಸೇರಿದರು. ವಿಚಾರಿಸಿದರೆ, ಒಬ್ಬರೂ ಒಪ್ಪಿರಲಿಲ್ಲ! ಅಲ್ಲೇ ಒಂದು ಸಂಘ ಕಟ್ಟಿಕೊಂಡು ಎಲ್ಲರೂ ಒಟ್ಟಾಗಿ ಆಫೀಸಿಗೆ ಹೋದರು. "ನಾವು ಯಾರೂ ಬೀದಿ ಬಿಡುವುದಿಲ್ಲ" ಎಂದು ವೇದವತಿ ತಮಿಳಿನಲ್ಲಿ ಹೇಳಿದಳು. ಚರಂಡಿ ಅಳತೆಗೆ ಜನ ಕಳಿಸುತ್ತೇನೆಂದು ಅಧಿಕಾರಿ ಒಪ್ಪಿದ.

"ಟೇಪು ಹಿಡ್ಕೊಂಡು ಬರೋವರ್ಗೂ ನಾನ್ ನಂಬಲ್ಲ" ಎಂದರು ನಾರಾಯಣಮ್ಮ. ಮತ್ತೆ ಮತ್ತೆ ಹೋಗಿ ಕೇಳಿದ ಮೇಲೆ ಟೇಪು ಬಂತು.

ಅದರ ಹಿಂದೆಯೇ ಶ್ಯಾಮಣ್ಣನೂ ಬಂದ. "ಅಕ್ಕಾ, ಇತ್ಲಾಗ್ ಬನ್ನಿ, ಒಂದು ಗುಟ್ಟಿನ್ ಮಾತು" ಎಂದು ನಾರಾಯಣಮ್ಮನನ್ನು ಕರೆದ.

"ಗುಟ್ಯಾಕಪ್ಪ? ಎಲ್ರೂ ಇಲ್ಲೇ ಅವ್ರೆ. ಮನೆ ಕೊಡಕ್ಕೆ ಒಪ್ದೋರು ಯಾರು, ಬೆರಳು ಮಾಡಿ ತೋರ್ಸು."

ಪ್ರತಿ ಬಾಗಿಲಲ್ಲೂ ಜನ ನಿಂತಿದ್ದರು. ಶ್ಯಾಮಣ್ಣನ ಕೈ ಮೇಲೇಳಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅನುಮಾನ ಬೇಡ ಎಂದು ನಾವು ಹೇಳುವುದಿಲ್ಲ. ಧಾರಾಳವಾಗಿ ಅನುಮಾನಪಡಿ, ಆದರೆ "ಯಾರಿಗೂ ಹೇಳಬೇಡಿ" ಎನ್ನುವವನ ಮೇಲೆ. ನಿಮ್ಮ ಬೀದಿಯಲ್ಲೂ ಸಂಘ ಕಟ್ಟಿ. ನಲ್ಲಿ, ಚರಂಡಿ, ದೀಪ ಒಟ್ಟಾಗಿ ಕೇಳಿ. ಪಕ್ಕದವರು ಮನೆ ಮಾರಿದರಂತೆ ಎಂದು ಯಾರಾದರೂ ಕಿವಿಯಲ್ಲಿ ಊದಿದರೆ, ಅವನೆದುರಿಗೇ ಪಕ್ಕದ ಮನೆಯ ಬಾಗಿಲು ತಟ್ಟಿ.